ರಸ್ತೆಯ ಆಚೆ ಬದಿ

"ಇನ್ನೂ ಸ್ವಲ್ಪ ಎತ್ರಪ್ಪಾ, ಕಂಬಿಗೆ ತಾಗುತ್ತೆ!" ಎಂದು ಡ್ರೈವರ್ ಮಾಮ ಮೆಟ್ಟಿಲ ತಿರುವಿನಲ್ಲಿ ನಿಂತು ಕೂಗಿದ. ಹೊತ್ತಿದ್ದ ನಾಲ್ವರೂ ಉಸಿರು ಬಿಗಿಹಿಡಿದು ಸ್ಟ್ರೆಚರ್ ಮೇಲೆತ್ತಿದರು. ಸತ್ತ ಅಪ್ಪನ ತಲೆ ವಾಲದಂತೆ ಮಗಳು ಅಂಗೈ ಕೊಟ್ಟುಕೊಂಡು ಹಿಂದೆ ಇಳಿಯುತ್ತಿದ್ದಳು.

"ಸಾರ್ ಇದ್ದಿದ್ರೆ ಹೇಳಿಕೊಡ್ತಿದ್ರು, ಕಾಲು ಮುಂದೋ ತಲೆ ಮುಂದೋ ಅಂತ," ಎಂದು ಅಪ್ಪನ ಕಡೆ ನೋಡಿ ನಗಲು ಹೋದ ಮಾಮ, ಯಾರೂ ಜೊತೆಗೂಡದಿದ್ದಾಗ ಮುಖ ಒರೆಸಿಕೊಂಡ.

ಅಪ್ಪ ಎಟಿಎಂಗಳಿಗೆ ಹಣ ತುಂಬುವ ಕಂಪನಿಯಲ್ಲಿ ಜೀವ ತೇಯ್ದವನು. ಬೆಳಿಗ್ಗೆ ಕಬ್ಬಿಣದ ವ್ಯಾನು ಹತ್ತಿದರೆ ಊರಿಗೆಲ್ಲ ನೋಟು ಹಂಚಿ, ಖಾಲಿ ಪೆಟ್ಟಿಗೆಗಳನ್ನು ಎತ್ತಿಕೊಂಡು, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ಆ ವ್ಯಾನು ಓಡಿಸುತ್ತಿದ್ದವನು ಈ ಮಾಮನೇ. ನಿವೃತ್ತಿಯಾದ ಮೇಲೆ ಶವ ಸಾಗಿಸುವ ಗಾಡಿ ಹಿಡಿದಿದ್ದ. ಆಗಲೂ ಮುಚ್ಚಿದ ಗಾಡಿ, ಈಗಲೂ ಮುಚ್ಚಿದ ಗಾಡಿ, ಈಗ ಬೀಗ ಹಾಕುವ ರಗಳೆಯಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ.

ಸ್ಟ್ರೆಚರ್ ಗಾಡಿಯೊಳಗೆ ಸೇರಿತು. ಸೋದರತ್ತೆ ಮೂಗೊರೆಸುತ್ತಾ, "ಸ್ಮಶಾನ ತುಂಬಾ ದೂರನಾ?" ಎಂದು ಕೇಳಿದಳು.

"ದೂರ ಏನಿಲ್ಲಮ್ಮ. ನಮ್ಮ ವ್ಯಾನಿಗೆ ಸಾರ್ ಹಾಕಿಕೊಟ್ಟಿದ್ದ ದಾರೀಲೇ ಹೋಗೋಣ. ಎಲ್ಲೂ ಸುತ್ತು ಹಾಕಬೇಕಿಲ್ಲ."

ಮಗಳು ತಲೆಯೆತ್ತಿದಳು. "ಅಪ್ಪ ಹಾಕಿದ ದಾರಿನಾ? ರೂಟ್ ಆಫೀಸಿನವರು ಹಾಕ್ತಿದ್ರಲ್ವಾ ಮಾಮ?"

"ಅಯ್ಯೋ, ಅವರು ಸುಮ್ನೆ ಸಹಿ ಹಾಕೋರು. ಯಾವ ಮಶೀನು ಯಾವ ಗಾಡಿಗೆ, ಯಾವುದು ಮೊದಲು, ಎಲ್ಲಾ ನಿಮ್ಮಪ್ಪಂದೇ. ಅದೇನು ಹುಚ್ಚೋ! ಡೀಸೆಲ್ ಉಳಿಸಿದ್ದಕ್ಕೆ ಕಂಪನಿಯವರು ಕರೆದು ಹಾರ ಹಾಕಿದ್ರು, ಗೊತ್ತಿಲ್ವಾ?"

ಗೊತ್ತಿತ್ತು. ಹಾರ ಹಾಕಿಸಿಕೊಂಡ ಫೋಟೋ ಇನ್ನೂ ಗೋಡೆಯ ಮೇಲೆ ನೇತಾಡುತ್ತಿದೆ. ಅದು ಅಮ್ಮ ಸತ್ತ ವರ್ಷದ್ದು.

*

ಅಮ್ಮನ ಮಂಚ ಆಸ್ಪತ್ರೆಯ ಮೂರನೇ ಮಹಡಿಯ ಕಿಟಕಿಯ ಪಕ್ಕದಲ್ಲಿತ್ತು. ಕೆಳಗೆ ದೊಡ್ಡ ರಸ್ತೆ, ನಡುವೆ ಆಳೆತ್ತರದ ತಡೆಗೋಡೆ. ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ ಅಪ್ಪನ ವ್ಯಾನು ಹಾದುಹೋಗುತ್ತಿತ್ತು. ಶಾಲೆ ಬಿಟ್ಟು ಅಮ್ಮನ ಬಳಿ ಕೂತಿದ್ದ ಹುಡುಗಿ ಅದನ್ನು ದೂರದಿಂದಲೇ ಗುರುತಿಸಿ ಹೇಳುತ್ತಿದ್ದಳು. ಅಮ್ಮ ಮೊಣಕೈ ಊರಿ ಎದ್ದು, ಕಿಟಕಿಯೇ ಇಲ್ಲದ ಆ ಕಬ್ಬಿಣದ ಡಬ್ಬಕ್ಕೆ ಕೈ ಬೀಸುತ್ತಿದ್ದಳು.

"ಒಳಗಿರೋರಿಗೆ ಏನೂ ಕಾಣಲ್ಲಮ್ಮ."

"ಕಾಣದಿದ್ರೆ ಬಿಡು, ನಾನು ನೋಡಿದ್ನಲ್ಲ."

ಅಪ್ಪ ಕೆಲಸ ಮುಗಿಸಿ ಬರುವಷ್ಟರಲ್ಲಿ ರೋಗಿಗಳನ್ನು ನೋಡಲು ಬಿಡುವ ಹೊತ್ತು ಮುಗಿದಿರುತ್ತಿತ್ತು. ಗೇಟಿನಲ್ಲಿ ಮಗಳ ಕೈಗೆ ಹಣ್ಣಿನ ಚೀಲ ಕೊಟ್ಟು ತಿರುಗುತ್ತಿದ್ದ. ಒಂದು ದಿನ ಅವಳು ಅತ್ತೇಬಿಟ್ಟಳು. "ಮಧ್ಯಾಹ್ನ ಇಲ್ಲೇ ಎದುರಿಗೇ ಹೋಗ್ತೀಯಲ್ಲಪ್ಪ, ಒಂದೇ ಒಂದು ಸಲ ಬಾ."

"ದಾರಿ ನನ್ನ ಕೈಲಿಲ್ಲ ಪುಟ್ಟಿ. ಮೇಲಿನವರು ಹಾಕಿದ್ದು," ಎಂದಿದ್ದ ಅಪ್ಪ.

ಅಮ್ಮನಿಗೆ ಅವಳು ಅದನ್ನೇ ಹೇಳಿದಳು. "ಪಾಪ, ಅವರ ಕೈಲೇನಿದೆ," ಎಂದಳು ಅಮ್ಮ. ಕೊನೆಯ ಮಧ್ಯಾಹ್ನ ಕೈಯೆತ್ತಲು ಆಗಲಿಲ್ಲ. ಬೆರಳಷ್ಟೇ ಆಡಿಸಿದಳು.

*

ಆ ಒಂದು ಮಾತನ್ನು ಹಿಡಿದುಕೊಂಡೇ ಮಗಳು ಅಪ್ಪನ ಜೊತೆ ಬಾಳಿದ್ದಳು. ಅವನು ಹಾಸಿಗೆ ಹಿಡಿದ ಮೇಲೆ ಬಾಯಿಗೆ ತುತ್ತಿಟ್ಟಿದ್ದಳು, ಮೈ ಒರೆಸಿದ್ದಳು, ಹೇಸಿಗೆ ತೆಗೆದಿದ್ದಳು. ಅವನ ಕೈಲೇನಿತ್ತು, ಪಾಪ.

"ಮಾಮ, ಆಸ್ಪತ್ರೆ ಒಳಗೆ ಒಂದು ಎಟಿಎಂ ಇತ್ತಲ್ಲ. ಅದು ಯಾರ ಗಾಡಿಗಿತ್ತು?"

"ಬೇರೆಯವರದ್ದಕ್ಕೆ. ನಾವು ಎಷ್ಟು ಬಡ್ಕೊಂಡ್ವಿ! ಅದನ್ನ ನಮಗೇ ಹಾಕ್ಕೊಳ್ಳಿ ಸಾರ್, ಹಣ ತುಂಬಿ ಹಾಗೇ ಮೇಲೆ ಹೋಗಿ ಅತ್ತಿಗೇನ ಮಾತಾಡಿಸ್ಕೊಂಡು ಬನ್ನಿ, ನಾನೂ ಗನ್‌ಮ್ಯಾನೂ ಗಾಡಿ ಕಾಯ್ತೀವಿ ಅಂತ. ಆಫೀಸಿನವರೂ ಹೂಂ ಅಂದಿದ್ರು." ಮಾಮ ಹೆಮ್ಮೆಯಿಂದ ಗಾಡಿಯ ಬಾಗಿಲು ತಟ್ಟಿದ. "ನಿಮ್ಮಪ್ಪ ಕೇಳಬೇಕಲ್ಲ! ಅದು ಆಚೆ ಬದಿ ಕಣಯ್ಯಾ, ಸರ್ಕಲ್‌ವರೆಗೂ ಹೋಗಿ ತಿರುಗಿಸ್ಕೊಂಡು ಬರಬೇಕು, ನನ್ನ ರೂಟ್ ಕೆಡುತ್ತೆ ಅಂದ್ರು. ಸ್ವಂತಕ್ಕೆ ಅಂತ ಗಾಡಿ ತಿರುಗಿಸಿದ ಮನುಷ್ಯ ಅಲ್ಲ."

ಅಲ್ಲಿದ್ದವರೆಲ್ಲ ಎಂಥ ಪ್ರಾಮಾಣಿಕ ಎಂದು ತಲೆದೂಗಿದರು. ಅತ್ತೆ ಮಾತ್ರ ಹುಡುಗಿಯ ಮುಖ ನೋಡಿ ಹತ್ತಿರ ಬಂದಳು.

"ಅವನಿಗೆ ಆಸ್ಪತ್ರೆ ಅಂದ್ರೆ ಚಿಕ್ಕಂದಿನಿಂದ್ಲೂ ಭಯ ಕಣೇ. ಅವಳನ್ನ ಆ ಸ್ಥಿತೀಲಿ ನೋಡೋಕಾಗದೆ ಏನೋ ಒಂದು ನೆಪ..."

"ಅಮ್ಮನಿಗೆ ಭಯ ಇರ್ಲಿಲ್ವಾ ಅತ್ತೆ?"

ಅತ್ತೆ ಗಾಡಿಯ ಹಿಂಭಾಗಕ್ಕೆ ಹತ್ತಿದಳು. ಮಗಳು ಮುಂದೆ, ಮಾಮನ ಪಕ್ಕ ಕೂತಳು. ಅಪ್ಪ ಎದ್ದು ಕೂತರೆ ಕೊರಳಪಟ್ಟಿ ಹಿಡಿದು ಕೇಳಬೇಕಿತ್ತು. ಅವನೋ, ಕೇಳಿಸಿಕೊಳ್ಳುವ ಕಾಟದಿಂದಲೂ ತಪ್ಪಿಸಿಕೊಂಡು ಮಲಗಿದ್ದ.

ದೊಡ್ಡ ರಸ್ತೆ ಬಂತು. ತಡೆಗೋಡೆಯ ಆಚೆ ಆಸ್ಪತ್ರೆ ಕಂಡು ಹಿಂದೆ ಸರಿಯಿತು.

"ಸರ್ಕಲ್‌ನಲ್ಲಿ ತಿರುಗಿಸಿ ಮಾಮ."

"ಯಾಕಮ್ಮ?"

"ಆಸ್ಪತ್ರೆಗೆ ಹೋಗ್ಬೇಕು."

"ಈಗಲಾ! ಸ್ಮಶಾನದಲ್ಲಿ ನಮ್ಮ ಸರದಿ ತಪ್ಪುತ್ತೆ ತಾಯಿ. ಆಮೇಲೆ ಸಾಯಂಕಾಲದವರೆಗೂ ಕಾಯಿಸ್ತಾರೆ."

"ಕಾಯಲಿ."

ಮಾಮ ಅವಳ ಕಡೆ ನೋಡಿದ. ಈಗಷ್ಟೇ ತಾನು ಏನು ಹೇಳಿಬಿಟ್ಟೆನೆಂದು ಅವನಿಗೆ ಹೊಳೆದಿರಬೇಕು. ಸರ್ಕಲ್ ಸುತ್ತಿ ಬಂದು ಆಸ್ಪತ್ರೆಯ ಗೇಟಿನೊಳಗೆ ನಿಲ್ಲಿಸಿದ.

ಕಾವಲುಗಾರ ಗಾಡಿ ನೋಡಿ ಓಡಿಬಂದ. "ಯಾರನ್ನ ಒಯ್ಯೋಕೆ ಬಂದ್ರಿ? ಬೆಳಿಗ್ಗೆಯಿಂದ ಯಾರೂ ಹೋಗಿಲ್ವಲ್ಲ?"

"ಒಯ್ಯೋಕಲ್ಲ. ನಮ್ಮಪ್ಪ ಒಬ್ಬರನ್ನ ನೋಡೋದಿತ್ತು, ಕರ್ಕೊಂಡು ಬಂದೆ," ಎಂದಳು ಮಗಳು.

"ಈಗ ನೋಡೋಕೆ ಬಿಡಲ್ಲಮ್ಮ. ಹೊತ್ತು ಮುಗೀತು."

ಮಗಳು ಇಳಿದು ಹಿಂದಕ್ಕೆ ಹೋಗಿ ಗಾಡಿಯ ಎರಡೂ ಬಾಗಿಲುಗಳನ್ನು ಅಗಲಕ್ಕೆ ತೆರೆದಳು. ಒಳಗೆ ಅತ್ತೆ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಮಗಳು ಅಪ್ಪನ ಮುಖದ ಮೇಲಿನ ಬಟ್ಟೆ ಸರಿಸಿ, ತಲೆಯೆತ್ತಿ ಮೇಲೆ ನೋಡಿದಳು. ಮೂರನೇ ಮಹಡಿಯ ಕಿಟಕಿಯಲ್ಲಿ ಯಾರೋ ರೋಗಿ ಹೆಂಗಸು ಮೊಣಕೈ ಊರಿ ರಸ್ತೆ ನೋಡುತ್ತಿದ್ದವಳು, ಕೆಳಗೆ ಬಾಯಿ ತೆರೆದು ನಿಂತ ಗಾಡಿ ಕಂಡದ್ದೇ ಸರಕ್ಕನೆ ಪರದೆ ಎಳೆದುಕೊಂಡಳು.