ಎಡಗೈ

"ಆಮೇಲೆ" ಎಂದು ಏಕಾಂತಯ್ಯ ಗೋಡೆಯ ಕಡೆ ಹೊರಳಿದ.

ಪೂಜೆಗೆ ನೀರು, ವಿಭೂತಿ, ಬಿಲ್ವಪತ್ರೆ ತಂದಿದ್ದ ರುದ್ರಾಣಿ ತಟ್ಟೆ ಹಿಡಿದು ಹಾಗೇ ನಿಂತಳು. ನಿನ್ನೆಯೂ ಆಮೇಲೆ, ಮೊನ್ನೆಯೂ ಆಮೇಲೆ. ನಿನ್ನೆ ಆ ಆಮೇಲೆ ಬಂದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಕೊರಳಲ್ಲಿರುವ ಲಿಂಗಕ್ಕೆ ಪೂಜೆಯಾಗದೆ ಬಾಯಿಗೆ ನೀರೂ ಹಾಕಿಕೊಳ್ಳದ ಗಂಡಸು ಅವನು. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ದೀಪಾವಳಿಯ ವ್ಯಾಪಾರ ಎಷ್ಟೇ ಜೋರಾಗಿರಲಿ, ಪೂಜೆ ಮುಗಿಯದೆ ಚಾಮರಾಜಪೇಟೆಯ ಈ ಮನೆಯ ಹೊಸ್ತಿಲು ದಾಟಿದವನಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿ, ಏನೂ ಮಾಡುವಂತಿಲ್ಲ ಎಂದು ಹೊಲಿದು ಮನೆಗೆ ಕಳಿಸಿದ್ದರು. ಜಠರದ ಹಿಂದೆ ಮೇದೋಜೀರಕ ಅಂತ ಒಂದಿದೆಯಂತೆ, ಅದರಲ್ಲಿ ಕ್ಯಾನ್ಸರ್. ಹಾಗೊಂದು ಅಂಗ ತನ್ನ ಮೈಯಲ್ಲೂ ಇದೆಯೆಂದು ರುದ್ರಾಣಿಗೆ ಗೊತ್ತಾದದ್ದೇ ಅಂದು. ವೆಂಕಟಾಚಲ ಡಾಕ್ಟರು ಅವಳೊಬ್ಬಳನ್ನೇ ಜಗಲಿಗೆ ಕರೆದು, "ನೋವಿಗೆ ಔಷಧಿ ಕೊಟ್ಟಿದೀನಿ ತಾಯಿ. ಬರೀ ಹೊಟ್ಟೇಲಿ ಕೊಡಬೇಡಿ, ವಾಂತಿಯಾಗುತ್ತೆ. ಅವರಿಗೆ ಕಾಯಿಲೆ ಹೆಸರು ಹೇಳೋದು ಬೇಡ" ಎಂದಿದ್ದರು.

ಪೂಜೆಯಿಲ್ಲದೆ ಗಂಜಿಯಿಲ್ಲ, ಗಂಜಿಯಿಲ್ಲದೆ ಔಷಧಿಯಿಲ್ಲ. ಅವನು ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಬಗ್ಗಿ ಕೂತು ನರಳುವುದು, ಇವಳು ಬೆನ್ನು ನೀವುವುದು, ಕಾಮಾಲೆಯ ಮೈಕೆರೆತಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ರುದ್ರಾಣಿಗೆ ಸಾಕಾಗಿತ್ತು. ಸಾಕಾಗಿದೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

ಏಕಾಂತಯ್ಯನ ಅಕ್ಕ ಶೈಲಜಮ್ಮ ಬಸವನಗುಡಿಯಿಂದ ಶಾವಿಗೆ ಪಾಯಸ ತಂದು ಆಗಲೇ ಕೂತಿದ್ದಳು. ರೋಗಿಯ ಮನೆಗೆ ಬರುವವರ ಬಳಿ ಬುದ್ಧಿವಾದಕ್ಕೇನು ಬರ. "ದಿನಾ ಅದೇ ಗಂಜಿ ಕಾಯಿಸಿಟ್ರೆ ಯಾರಿಗೆ ತಾನೆ ಸೇರುತ್ತೆ? ತುಪ್ಪ ಗಿಪ್ಪ ಹಾಕಿ ರುಚಿಯಾಗಿ ಮಾಡ್ಕೊಡು ರುದ್ರಾಣಿ."

"ತುಪ್ಪ ಅರಗಲ್ಲ ಅತ್ತಿಗೆ, ಡಾಕ್ಟರು ಬೇಡ ಅಂದಿದಾರೆ" ಎಂದು ರುದ್ರಾಣಿ ತಟ್ಟೆಯನ್ನು ಮಂಚದ ಪಕ್ಕ ಇಟ್ಟಳು. ಅತ್ತಿಗೆಯ ಮೇಲಿನ ಸಿಟ್ಟು ಗಂಡನ ಮೇಲೆ ತಿರುಗಿತು. "ಏನೂಂದ್ರೆ, ದೇವರ ಮೇಲೆ ಮುನಿಸೇನು ನಿಮಗೆ? ನೀವೇ ಪೂಜೆ ಬಿಟ್ರೆ ನಾನು ಯಾರನ್ನ ಬೇಡ್ಕೊಳ್ಳಲಿ?"

ಅವನು ಹೊದಿಕೆಯೊಳಗಿಂದ ಎಡಗೈ ತೆಗೆದು, ಲಿಂಗ ಇಟ್ಟುಕೊಳ್ಳುವಂತೆ ಅಂಗೈ ಮೇಲೆ ಮಾಡಿ ಹಿಡಿದ. ಅರಿಸಿನದ ಕೊಂಬಿನಷ್ಟು ಸಣ್ಣಗಾಗಿದ್ದ ಬೆರಳುಗಳು ನಡುಗುತ್ತಿದ್ದವು. ಬಲಗೈಯಿಂದ ಮಣಿಕಟ್ಟು ಹಿಡಿದರೂ ನಡುಕ ನಿಲ್ಲಲಿಲ್ಲ.

"ನಿನ್ನೆ ಇನ್ನೇನು ಬಿದ್ದೇಬಿಡ್ತಿತ್ತು" ಎಂದ.

ಶೈಲಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಲಿಂಗ ಕೈಜಾರಿ ನೆಲಕ್ಕೆ ಬಿದ್ದರೆ ಪ್ರಾಣ ಇಟ್ಟುಕೊಳ್ಳಬಾರದು ಎಂಬ ಹಿರಿಯರ ಮಾತು ಕೇಳಿಕೊಂಡೇ ಬೆಳೆದವರು ಅಕ್ಕ ತಮ್ಮ.

"ಪ್ರಾಣ ಹೇಗಿದ್ರೂ ಹೋಗೋದೇ. ನನಗೆ ಗೊತ್ತಿಲ್ವೆ? ನೀನೂ ಡಾಕ್ಟರೂ ಜಗಲೀಲಿ ಪಿಸುಗುಟ್ಟಿದ್ರೆ ನನಗೇನು ಕಿವಿಯಿಲ್ವೆ? ಆದ್ರೆ ಅದನ್ನ ಬೀಳಿಸಿ ಹೋಗಲಾರೆ ರುದ್ರಾಣಿ."

ಅವಳು ದಿನವೂ ಶಪಿಸಿದ್ದು ಕಾಯಿಲೆಯನ್ನು, ಗಂಜಿಯನ್ನು, ತನ್ನ ಕೈರುಚಿಯನ್ನು. ಅವನು ಹೆದರಿದ್ದು ಇದಕ್ಕೆ. ಮೊದಲೇ ಹೇಳಬಾರದಿತ್ತೆ ಎಂದು ಅಳು ಬಂತು, ಅದನ್ನು ನುಂಗಿಕೊಂಡಳು. ಮಂಚದ ಮೇಲೆ ಅವನ ಬೆನ್ನ ಹಿಂದೆ ಕೂತು, ಅವನನ್ನು ಎಬ್ಬಿಸಿ ಎದೆಗೆ ಒರಗಿಸಿಕೊಂಡಳು. ಮಕ್ಕಳು ಬೆಳೆದ ಮೇಲೆ ಹಗಲು ಹೊತ್ತಿನಲ್ಲಿ, ಇನ್ನೊಬ್ಬರ ಎದುರು, ಅವನನ್ನು ಹೀಗೆ ಮುಟ್ಟಿದ್ದಿಲ್ಲ. ತನ್ನ ಎಡಗೈಯನ್ನು ಚಾಚಿ ಅವನ ಎಡಗೈಯ ಅಡಿಗೆ ಇಟ್ಟಳು.

"ಅವನ ಪೂಜೆ ಅವನೇ ಮಾಡ್ಬೇಕು ಕಣೇ. ಬೇರೆಯವರು ಲಿಂಗ ಮುಟ್ಟೋ ಹಾಗಿಲ್ಲ" ಎಂದಳು ಶೈಲಜಮ್ಮ.

"ನಾನು ಲಿಂಗ ಮುಟ್ಟಲ್ಲ ಅತ್ತಿಗೆ. ಇವರ ಕೈ ಹಿಡ್ಕೋತೀನಿ, ಅಷ್ಟೆ."

ಶೈಲಜಮ್ಮ ಎದ್ದು ನೀರಿನ ತಂಬಿಗೆಯನ್ನು ತಮ್ಮನ ಬಲಗೈಗೆ ಎಟುಕುವಂತೆ ಸರಿಸಿದಳು.

ಏಕಾಂತಯ್ಯ ಕೊರಳಲ್ಲಿದ್ದ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡ. ನೀರೆರೆದ, ವಿಭೂತಿ ಹಚ್ಚಿದ. ಅವನ ನಡುಕ ಅವಳ ಮೊಣಕೈವರೆಗೂ ಬರುತ್ತಿತ್ತು. ತಣ್ಣನೆ ನೀರು ಇಬ್ಬರ ಬೆರಳ ಸಂದಿಯಿಂದ ಸೀರೆಯ ಮೇಲೆ ತೊಟ್ಟಿಕ್ಕಿತು. ದನಿಯಿಲ್ಲದ ಅವನ ಮಂತ್ರ ಅವಳಿಗೆ ಕೇಳಿಸಿದ್ದು ಎದೆಗೆ ಒರಗಿದ ಬೆನ್ನಿನಿಂದ. ಅವಳ ತೋಳು ಜೋಮು ಹಿಡಿಯಿತು, ಅಲುಗಾಡಿಸಲಿಲ್ಲ.

ಲಿಂಗ ಮತ್ತೆ ಕರಡಿಗೆ ಸೇರಿತು.

"ಇನ್ನು ಕೈ ತೆಗಿ, ನೋಯುತ್ತೆ ನಿಂಗೆ" ಎಂದ.

"ಇರಲಿ" ಎಂದಳು ರುದ್ರಾಣಿ.