ಊದದ ಸೀಟಿ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಭಾನುವಾರ ಮಧ್ಯಾಹ್ನದ ನಿದ್ದೆ ಅಂದರೆ ಪ್ರಾಣ. ವಾರದ ಆರು ದಿನ ಹೊಸಬರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು, ತಮ್ಮ ಪಾಲಿನ ಬ್ರೇಕನ್ನು ಒತ್ತಿ ಒತ್ತಿ ಬಲಗಾಲು ಮರಗಟ್ಟಿಸಿಕೊಂಡವರಿಗೆ ಅಷ್ಟು ಹಕ್ಕಾದರೂ ಬೇಡವೇ? ಆ ಹಕ್ಕಿಗೆ ಈ ಭಾನುವಾರ ಸಂಚಕಾರ ತಂದವಳು ಮಗಳು. ಊಟ ಮುಗಿದು ಕೈ ಆರುವ ಮೊದಲೇ ಟಿವಿಗೆ ಗೇಮ್ ಆಡಿಸುವ ಒಂದು ಕಪ್ಪು ಡಬ್ಬಿ ಸಿಕ್ಕಿಸಿ, ಚೀಲದಿಂದ ಎರಡು ಕಂಟ್ರೋಲರ್ ತೆಗೆದು, ಒಂದನ್ನು ಅಪ್ಪನ ಕೈಗೆ ತುರುಕಿದಳು.

“ಒಂದೇ ಒಂದು ಆಟ ಅಪ್ಪಾ. ಇಪ್ಪತ್ತು ನಿಮಿಷ, ಅಷ್ಟೇ.”

“ಏನಾಟ?”

“ರಗ್ಬಿ ಲೀಗ್.”

ಮೇಷ್ಟ್ರು ಬಿಸಿ ಪಾತ್ರೆ ಇಳಿಸುವವರ ಹಾಗೆ ಕಂಟ್ರೋಲರನ್ನು ಟೀಪಾಯಿಯ ಮೇಲೆ ಇಳಿಸಿದರು.

ಆ ಮನೆಯಲ್ಲಿ ಆ ಎರಡು ಪದಗಳನ್ನು ಯಾರೂ ಆಡಿ ಇಪ್ಪತ್ತು ವರ್ಷವಾಗಿತ್ತು. ಅದಕ್ಕೂ ಮುಂಚೆ ಹದಿನಾರು ವರ್ಷ, ಒಂದು ಶನಿವಾರವೂ ತಪ್ಪದೆ, ಮೇಷ್ಟ್ರು ಆ ಆಟದ ರೆಫರಿಯಾಗಿದ್ದರು. ಕಾರಿನಲ್ಲಿ ಕಲಿಸುವ ಗತ್ತೇ ಮೈದಾನದಲ್ಲೂ ಇದ್ದದ್ದರಿಂದ ಆಟಗಾರರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಕೊನೆಗೆ ಒಂದು ಫೈನಲ್ ಬಂತು. ಆಟ ಮುಗಿಯಲು ಎರಡು ನಿಮಿಷ ಇರುವಾಗ ಒಬ್ಬ ದಾಂಡಿಗ ಚೆಂಡು ಬಗಲಲ್ಲಿಟ್ಟುಕೊಂಡು ಗಾಳಿಯ ವೇಗದಲ್ಲಿ ಓಡಿಬಂದ, ಎದುರಾಳಿ ಹಿಡಿಯುವಷ್ಟರಲ್ಲಿ ಪಕ್ಕದವನಿಗೆ ಪಾಸ್ ಕೊಟ್ಟ, ಪಕ್ಕದವನು ಹೋಗಿ ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಟ್ರೈ ಗಳಿಸಿದ. ಆ ಆಟದಲ್ಲಿ ಕೈಯಿಂದ ಚೆಂಡನ್ನು ಹಿಂದಕ್ಕೆ ಮಾತ್ರ ಕೊಡಬಹುದು; ಮುಂದಕ್ಕೆ ಕೊಟ್ಟರೆ ರೆಫರಿ ಸೀಟಿ ಊದಬೇಕು. ಮೇಷ್ಟ್ರು ಊದಲಿಲ್ಲ.

ಮಾರನೆಯ ದಿನ ಪತ್ರಿಕೆಯಲ್ಲಿ ಅಂಗೈಯಗಲದ ಫೋಟೋ ಬಂತು. ಚೆಂಡು ಕೈಬಿಟ್ಟ ಜಾಗಕ್ಕೊಂದು ಗೆರೆ, ಇನ್ನೊಬ್ಬನ ಕೈಸೇರಿದ ಜಾಗಕ್ಕೊಂದು ಗೆರೆ. ಎರಡನೆಯದು ಎರಡು ಮೀಟರ್ ಮುಂದಿತ್ತು. ಇನ್ನೇನು ಬೇಕು? ಮೈದಾನದ ಅಷ್ಟೂ ಜನ ಅವತ್ತೇ ಗಂಟಲು ಹರಿಯುವಂತೆ ಕೂಗಿದ್ದರು, “ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೋ!” ಅಂತ. ಮೇಷ್ಟ್ರನ್ನು ಯಾರೂ ತೆಗೆದುಹಾಕಲಿಲ್ಲ. ಅವರೇ ಹೋಗಿ ಅಂಗಿ, ಸೀಟಿ ಎರಡನ್ನೂ ಒಪ್ಪಿಸಿ ಬಂದರು. ಚೆಂಡು ಬಿಟ್ಟ ಕೈ ಹಿಂದಕ್ಕೇ ಹೋಗಿತ್ತು ಅಂತ ಅವರಿಗೆ ಅನ್ನಿಸಿತ್ತು, ನಿಜ. ಆದರೆ ಆ ಫೋಟೋವನ್ನು ಎಷ್ಟು ಸಲ ನೋಡಿದರೆಂದರೆ, ತಾವು ಕಂಡದ್ದು ಯಾವುದು, ಫೋಟೋ ತೋರಿಸಿದ್ದು ಯಾವುದು ಅಂತ ಅವರಿಗೇ ಗೊತ್ತಾಗದೆ ಹೋಯಿತು.

ಮಗಳಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಹಾಗಾಗಿ ಅವಳು ಸುತ್ತಿಬಳಸದೆ ವಿಷಯಕ್ಕೆ ಬಂದಳು. ಬಣ್ಣದ ಅಂಗಡಿಯ ಮಹಡಿಯ ಮೇಲಿದ್ದ ಅವಳ ಕಂಪನಿಯಲ್ಲಿ ಇದ್ದದ್ದೇ ಏಳು ಜನ. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಈ ಗೇಮ್ ಮಾಡಿದ್ದರು. ನಾಳೆ ಬೆಳಿಗ್ಗೆ ಅದರ ಡೆಮೊ, ಅಂದರೆ ಜನ ರುಚಿ ನೋಡಲು ಬಿಡುವ ಒಂದು ತುಣುಕು, ಹೊರಗೆ ಹೋಗಬೇಕು.

“ಆಟಗಾರರನ್ನ ಬೇರೆಯವರು ಮಾಡಿದಾರೆ. ರೆಫರಿ ಮಾತ್ರ ಪೂರ್ತಿ ನನ್ನವನು,” ಅಂದಳು. “ಅವನ ಒಂದು ತೀರ್ಪಿನ ಮೇಲೆ ಆಫೀಸಲ್ಲಿ ದೊಡ್ಡ ಜಗಳ. ಆಡಿದವರೆಲ್ಲ ಅದು ತಪ್ಪು ಅಂತಾರೆ. ನಾನು ಸರಿ ಅಂತೀನಿ. ಸಂಜೆ ಆರರೊಳಗೆ ಒಬ್ಬ ನಿಜವಾದ ರೆಫರಿ ಸರಿ ಅಂತ ಬರೆದುಕೊಟ್ರೆ ಇರಲಿ, ಇಲ್ದಿದ್ರೆ ಕಿತ್ತುಹಾಕು ಅಂದ್ರು ನಮ್ಮ ಬಾಸ್.”

“ಯಾವ ತೀರ್ಪು?”

“ಹೇಳಲ್ಲ. ಹೇಳಿದ್ರೆ ಅದೊಂದನ್ನೇ ನೋಡ್ತಾ ಕೂತಿರ್ತೀಯ.” ಅವಳು ಫೋನಿನಲ್ಲಿ ಒಂದು ಫಾರಂ ತೆರೆದಳು. ಮೇಲೆ ‘ಡೆಮೊ ಆಡಿದವರ ಮೊದಲ ಅನಿಸಿಕೆ’ ಅಂತಿತ್ತು. “ಹೆಸರು ಹಾಕಿದೀನಿ. ಉದ್ಯೋಗ?”

“ಡ್ರೈವಿಂಗ್ ಮೇಷ್ಟ್ರು.”

“ಅಪ್ಪಾ, ಅದನ್ನ ಬರೆದ್ರೆ ಈ ಫಾರಂಗೆ ಕಿಮ್ಮತ್ತೇ ಇರಲ್ಲ.”

“ಇಲ್ದಿದ್ರೆ ಬೇಡ. ನಾನು ಅದೇ ಆಗಿರೋದು. ಬರಿ.”

ಮಗಳು ಹಾಗೇ ಬರೆದಳು. ಮೇಷ್ಟ್ರು ಏಳುವವರಿದ್ದರು. ಅಷ್ಟರಲ್ಲಿ ಕಿಟಕಿಯ ಬಳಿ ಇಸ್ತ್ರಿ ಮಾಡುತ್ತಿದ್ದ ಅವರ ಹೆಂಡತಿ ಪ್ಲಗ್ ಕಿತ್ತು ಬಂದು, ಸೋಫಾದಲ್ಲಿ ಕೂತು, ಇನ್ನೊಂದು ಕಂಟ್ರೋಲರ್ ಎತ್ತಿಕೊಂಡರು.

“ಕೊಡೇ ಇಲ್ಲಿ. ನಿಮ್ಮಪ್ಪನಿಗೆ ಸೋಲೋ ಭಯ.”

ಹದಿನಾರು ವರ್ಷ ಗಂಡನ ರೆಫರಿ ಅಂಗಿ ಒಗೆದಿದ್ದರೂ ಆ ಆಟದ ತಲೆ ಯಾವುದು ಬುಡ ಯಾವುದು ಅಂತ ಆಕೆಗೆ ತಿಳಿದಿರಲಿಲ್ಲ. ಅಂಥವಳ ಬಾಯಲ್ಲಿ ಈ ಮಾತು! ಮೇಷ್ಟ್ರು ಮೀಸೆ ಸವರಿಕೊಂಡು ಮತ್ತೆ ಕೂತರು.

ಹೆಂಡತಿಯದು ಕೆಂಪು ತಂಡ, ಮೇಷ್ಟ್ರದು ನೀಲಿ. ತಂಡಕ್ಕೆ ಹದಿಮೂರು ಜನ. ಆರು ಸಲ ಹಿಡಿದು ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಪರದೆಯ ಮೇಲೆ ಹಸಿರು ಮೈದಾನ ಬಿಚ್ಚಿಕೊಂಡಾಗ ಮೇಷ್ಟ್ರು ತಮಗರಿವಿಲ್ಲದೆ ಮುಂದಕ್ಕೆ ಬಾಗಿದರು.

“ಹುಲ್ಲು ಚೆನ್ನಾಗಿದೆ,” ಅಂದರು. ಅದು ಅವರ ಮೊದಲ ಅನಿಸಿಕೆ. ಮಗಳು ಅದನ್ನು ಬರೆದುಕೊಂಡಳು.

“ಯಾರಿಗೂ ಮಣ್ಣೇ ಮೆತ್ತಿಲ್ಲವಲ್ಲ? ಮದುವೆಗೆ ಹೊರಟವರ ಹಾಗಿದಾರೆ.”

“ಇದು ಡೆಮೊ ಅಪ್ಪಾ. ಮಣ್ಣು ಪೂರ್ತಿ ಗೇಮಲ್ಲಿ ಬರುತ್ತೆ.”

“ಒಬ್ಬನೂ ಬೈತಿಲ್ಲ.”

“ಅದು ಪೂರ್ತಿ ಗೇಮಲ್ಲೂ ಬರಲ್ಲ.”

ಆಟ ಶುರುವಾಯಿತು. ಮೇಷ್ಟ್ರ ಹೆಬ್ಬೆರಳು ಒಂದು ಗುಂಡಿ ಹುಡುಕುವಷ್ಟರಲ್ಲಿ ಕೆಂಪಂಗಿಯವನೊಬ್ಬ ಅವರ ಆಟಗಾರನನ್ನು ಎತ್ತಿ ಬಟ್ಟೆ ಒಗೆದಂತೆ ನೆಲಕ್ಕೆ ಒಗೆದ. ಹೆಂಡತಿಗೆ ಎಲ್ಲಿಲ್ಲದ ಖುಷಿ. ಯಾವ ಗುಂಡಿ ಯಾವುದಕ್ಕೆ ಅಂತ ಕೇಳುವ ಗೋಜಿಗೇ ಹೋಗದೆ ಎಲ್ಲವನ್ನೂ ಒಟ್ಟಿಗೆ ಒತ್ತುತ್ತಿದ್ದರು. ಅದೇ ಕೆಲಸಕ್ಕೆ ಬರುತ್ತಿತ್ತು. ಮೇಷ್ಟ್ರೋ, ಎದುರಾಳಿ ಹತ್ತಿರ ಬಂದಾಗಲೆಲ್ಲ ಬಲಗಾಲಿನಿಂದ ನೆಲವನ್ನು ಒತ್ತುತ್ತಿದ್ದರು.

“ರೀ, ಅಲ್ಲಿ ಬ್ರೇಕ್ ಇಲ್ಲ. ನೆಲ ತೂತಾಗುತ್ತೆ.”

ಅದಕ್ಕಿಂತ ದೊಡ್ಡ ಪಜೀತಿ ಇನ್ನೊಂದಿತ್ತು. ಮೇಷ್ಟ್ರ ಆಟಗಾರನೊಬ್ಬ ಚೆಂಡು ಹಿಡಿದು ಸಲೀಸಾಗಿ ಓಡುತ್ತಿದ್ದ, ಮುಂದೆ ನರಪಿಳ್ಳೆಯಿಲ್ಲ. ಇದ್ದಕ್ಕಿದ್ದಂತೆ ಮೇಷ್ಟ್ರು ಎರಡೂ ಕೈಯನ್ನು ಕಂಟ್ರೋಲರಿನಿಂದ ತೆಗೆದುಬಿಟ್ಟರು. ಆಟಗಾರ ಮರದಂತೆ ನಿಂತ. ಹೆಂಡತಿಯ ಮೂವರು ಬಂದು ಅವನ ಮೇಲೆ ಬಿದ್ದರು.

“ಯಾಕಪ್ಪಾ ನಿಲ್ಸಿದೆ?”

“ನಮ್ಮವನ ಕೈಯಿಂದ ಚೆಂಡು ಮುಂದಕ್ಕೆ ಜಾರಿತು. ಒಂದಿಷ್ಟು. ಅದೂ ತಪ್ಪೇ. ರೆಫರಿ ಊದ್ತಾನೆ ಅಂತ ಕಾದೆ.”

“ಅವನು ನೋಡ್ಲಿಲ್ಲ, ಬಿಡು! ನೀನು ಆಟಗಾರ ಈಗ!”

“ಅವನು ನೋಡದಿದ್ರೆ ನಾನು ನೋಡಿಲ್ಲವಾ?”

ಹೀಗೆ ಮೂರು ಸಲ ಆಯಿತು. ತಾವೇ ತಪ್ಪು ಮಾಡುವುದು, ತಾವೇ ನಿಲ್ಲುವುದು. ಅಷ್ಟರಲ್ಲಿ ಹೆಂಡತಿಗೆ ಹನ್ನೆರಡು ಪಾಯಿಂಟ್, ಮೇಷ್ಟ್ರಿಗೆ ಸೊನ್ನೆ. ಇಂಥ ಆಟಗಾರನನ್ನು ಮಗಳ ಕಂಪನಿಯ ಏಳೂ ಜನ ಕನಸಿನಲ್ಲೂ ಕಂಡಿರಲಿಲ್ಲ.

ಪರದೆಯ ಪುಟ್ಟ ರೆಫರಿಯ ಮೇಲೂ ಮೇಷ್ಟ್ರಿಗೆ ಸಿಡಿಮಿಡಿ ಶುರುವಾಯಿತು. “ಇವನಿಗೇನು ರೋಗ? ಊದೋಕೆ ಮುಂಚೆ ಪ್ರತಿ ಸಲ ಸೀಟೀನ ಎಡತೋಳಿಗೆ ಉಜ್ತಾನಲ್ಲ. ಯಾರು ಕಲಿಸಿದ್ರು ಇದನ್ನ?”

ತಾಯಿ ಮಗಳ ಮುಖ ನೋಡಿದರು. ಮಗಳು ಕಿಟಕಿ ನೋಡಿದಳು. ಹದಿನಾರು ವರ್ಷ ಅಂಗಿಯ ಆ ಎಡತೋಳಿನ ಕಲೆಯನ್ನು ಬೇರೆಯಾಗಿ ಸೋಪು ಹಚ್ಚಿ ತಿಕ್ಕಿದವರು ಆಕೆ. ಏನೋ ಹೇಳಲು ಬಾಯಿ ತೆರೆದು, ತುಟಿ ಬಿಗಿಹಿಡಿದು, ಆಟಕ್ಕೆ ಮರಳಿದರು.

ಮೇಷ್ಟ್ರಿಗೆ ಈಗ ಹಟ ಬಂದಿತ್ತು. ಹುಬ್ಬು ಗಂಟಿಕ್ಕಿ, ನಾಲಿಗೆಯ ತುದಿ ಕಚ್ಚಿ ಆಡಿದರು. ಒಂದು ಟ್ರೈ ಗಳಿಸಿದರು, ಇನ್ನೊಂದು. ಹನ್ನೆರಡಕ್ಕೆ ಹನ್ನೆರಡು. ಒಂದು ನಿಮಿಷ ಉಳಿದಿತ್ತು. ಆಗ ಹೆಂಡತಿಯ ದಾಂಡಿಗನೊಬ್ಬ ಚೆಂಡು ಹಿಡಿದು ನುಗ್ಗಿಬಂದ. ಮೇಷ್ಟ್ರು ಎದುರಿಗೆ ಒಬ್ಬನನ್ನು ಬಿಟ್ಟರು. ಹೊಡೆತ ಬೀಳುವುದಕ್ಕೂ ಅವನು ಪಕ್ಕದವನಿಗೆ ಚೆಂಡು ಕೊಡುವುದಕ್ಕೂ ಸರಿಹೋಯಿತು. ಕೊಟ್ಟವನು ಅಲ್ಲೇ ಉರುಳಿದ. ಚೆಂಡು ತೇಲಿಹೋಗಿ ಮೈದಾನಕ್ಕೆ ಅಡ್ಡ ಎಳೆದಿದ್ದ ಮುಂದಿನ ಗೆರೆಯನ್ನೂ ದಾಟಿ ಇನ್ನೊಬ್ಬನ ಕೈಸೇರಿತು. ಅವನು ಕೊನೆಯ ಗೆರೆಯಾಚೆ ಜಿಗಿದ. ಪುಟ್ಟ ರೆಫರಿ ಸೀಟಿಯನ್ನು ಎಡತೋಳಿಗೆ ಉಜ್ಜಿದ, ಟ್ರೈ ಅಂತ ಕೈತೋರಿಸಿದ.

ಮೇಷ್ಟ್ರು ಎದ್ದು ನಿಂತುಬಿಟ್ಟರು. “ಮುಂದಕ್ಕೆ! ಮುಂದಕ್ಕೆ ಕೊಟ್ಟ! ಏಯ್, ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೋ!”

ಹೆಂಡತಿ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡರು. ಮೇಷ್ಟ್ರ ಕೈ ಇನ್ನೂ ಗಾಳಿಯಲ್ಲೇ ಇತ್ತು. ಇಪ್ಪತ್ತು ವರ್ಷ ಅವರ ಕಿವಿಯಲ್ಲಿ ಕೊರೆಯುತ್ತಿದ್ದ ಮಾತು ಅವರ ಬಾಯಿಂದಲೇ ಹೊರಬಿದ್ದಿತ್ತು. ಅವರಿಗೆ ನಾಚಿಕೆಯಾಯಿತು. ಮೆಲ್ಲಗೆ ಕೈ ಇಳಿಸಿದರು.

“ಇದೇನಾ ಆ ತೀರ್ಪು?”

“ಇದೇ,” ಅಂದಳು ಮಗಳು. ಅವಳ ದನಿ ಸಣ್ಣದಾಗಿತ್ತು. “ಎಲ್ಲರೂ ಹೀಗೇ ಕೂಗ್ತಾರೆ. ನೀನೂ ತಪ್ಪು ಅಂದ್ರೆ ಸಂಜೆಯೊಳಗೆ ನಾನೇ ತೆಗೀತೀನಿ, ಇನ್ನು ವಾದ ಮಾಡಲ್ಲ. ಅದಕ್ಕೆ ಮುಂಚೆ ಒಂದ್ಸಲ ನಿಧಾನವಾಗಿ ನೋಡು.”

ಅವಳು ಆ ಓಟವನ್ನು ಹಿಂದಕ್ಕೆ ಓಡಿಸಿ ಬಹಳ ನಿಧಾನವಾಗಿ ಬಿಟ್ಟಳು. ಮೇಷ್ಟ್ರು ಮಂಡಿ ಹಿಡಿದುಕೊಂಡು ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಗೆರೆ ನೋಡಲಿಲ್ಲ, ಚೆಂಡು ಬಿಡುವ ಕೈಯನ್ನೇ ನೋಡಿದರು. ಕೈ ಹಿಂದಕ್ಕೆ ಹೋಯಿತು. ಬೆರಳುಗಳು ಹಿಂದಕ್ಕೆ ಬಿಚ್ಚಿಕೊಂಡವು.

“ಇನ್ನೊಂದ್ಸಲ.”

ಮತ್ತೆ ನೋಡಿದರು. ಆಮೇಲೆ ಮಗಳು ಅದೇ ಓಟವನ್ನು ಇನ್ನೊಂದು ಬಗೆಯಲ್ಲಿ ತೋರಿಸಿದಳು: ಈ ಸಲ ಪಾಸ್ ಕೊಟ್ಟವನನ್ನು ಯಾರೂ ಕೆಡವಲಿಲ್ಲ, ಅವನು ಅದೇ ವೇಗದಲ್ಲಿ ಓಡುತ್ತಲೇ ಇದ್ದ. ಚೆಂಡು ಮುಂದಿನ ಗೆರೆ ದಾಟಿತು. ಆದರೆ ಅದು ಉದ್ದಕ್ಕೂ ಅವನ ಬೆನ್ನ ಹಿಂದೆಯೇ ಇತ್ತು.

ಮೇಷ್ಟ್ರು ತೊಡೆ ತಟ್ಟಿಕೊಂಡರು. “ಥೂ ನನ್ನ! ದಿನಾ ಬೆಳಗಾದ್ರೆ ಹೇಳ್ಕೊಡ್ತೀನಿ. ಬ್ರೇಕ್ ಹಾಕಿದ್ರೆ ಕಾರು ನಿಲ್ಲುತ್ತೆ, ಹಿಂದೆ ಇಟ್ಟಿರೋ ಚೀಲ ನಿಲ್ಲಲ್ಲ, ಮುಂದಕ್ಕೆ ಬರುತ್ತೆ ಅಂತ. ಅದನ್ನ ಯಾರೂ ಮುಂದಕ್ಕೆ ಎಸೆದಿಲ್ಲ. ಓಡೋ ಕಾರಿನ ವೇಗ ಅದರಲ್ಲಿರುತ್ತೆ. ಇವನನ್ನ ಹೊಡೆದು ಕೆಡವಿದ್ರು, ಇವನು ನಿಂತ, ಚೆಂಡು ನಿಲ್ಲಲಿಲ್ಲ. ಗೆರೆಯಲ್ಲ ನೋಡಬೇಕಾದ್ದು. ಕೈ!”

“ಹಾಗಾದ್ರೆ ಅವತ್ತು?” ಕೇಳಿದವರು ಹೆಂಡತಿ.

ಮಗಳು ತಲೆ ತಗ್ಗಿಸಿದಳು. “ಆ ಫೈನಲ್ಲಿನ ಕ್ಯಾಸೆಟ್ ಹುಡುಕಿ ನೂರು ಸಲ ನೋಡಿದೆ ಅಪ್ಪಾ. ಕ್ಯಾಮೆರಾಕ್ಕೆ ಕೈ ಕಾಣಲ್ಲ, ಒಬ್ಬ ಅಡ್ಡ ಇದಾನೆ. ನೀನು ಸರೀನೋ ತಪ್ಪೋ ಅದರಿಂದ ಹೇಳೋಕಾಗಲ್ಲ. ಕೈ ಕಾಣೋ ಜಾಗದಲ್ಲಿ ನಿಂತಿದ್ದೋನು ನೀನೊಬ್ಬನೇ.”

ಮೇಷ್ಟ್ರು ಮತ್ತೆ ಟಿವಿಯ ಕಡೆ ತಿರುಗಿದರು. ಪರದೆಯಲ್ಲಿ ಪುಟ್ಟ ರೆಫರಿ ಸುಮ್ಮನೆ ನಿಂತು ಕಾಯುತ್ತಿದ್ದ.

“ಹಿಂದಕ್ಕಿತ್ತು,” ಅಂದರು ಕೊನೆಗೆ. “ಕೈ ಹಿಂದಕ್ಕೇ ಇತ್ತು. ನಾನು ನೋಡ್ದೆ.”

“ಇಷ್ಟು ವರ್ಷ ಇದನ್ನ ಯಾಕ್ರೀ ಹೇಳ್ಲಿಲ್ಲ?”

“ಆ ಫೋಟೋ ನೋಡಿದ ಮೇಲೆ ಯಾರು ನಂಬ್ತಿದ್ರು? ನಾನೇ ನನ್ನನ್ನ ನಂಬಲಿಲ್ಲ ಕಣೇ.” ಮೇಷ್ಟ್ರು ಕನ್ನಡಕ ತೆಗೆದು, ಒರೆಸಲು ಬೇರೇನೂ ಸಿಗದೆ, ಅದನ್ನು ಎಡತೋಳಿಗೆ ಉಜ್ಜಿದರು.

ಹೆಂಡತಿ ಕಿಸಕ್ಕೆಂದರು. ಎಷ್ಟೊತ್ತಿನಿಂದ ತಡೆದಿಟ್ಟದ್ದೋ ಏನೋ, ನಕ್ಕು ನಕ್ಕು ಸೋಫಾದ ದಿಂಬಿಗೆ ಮುಖ ಒತ್ತಿದರು. ಮೇಷ್ಟ್ರು ತಮ್ಮ ತೋಳು ನೋಡಿದರು, ಪರದೆಯ ರೆಫರಿಯನ್ನು ನೋಡಿದರು, ಮಗಳನ್ನು ನೋಡಿದರು. ಮಗಳ ಮುಖ ಕೆಂಪಾಗಿತ್ತು.

“ಹೊಟ್ಟೆ ಮಾತ್ರ ಸ್ವಲ್ಪ ಕಮ್ಮಿ ಮಾಡಿದೀನಿ,” ಅಂದಳು ಅವಳು.

“ಅದಿರಲಿ, ನನ್ನ ಪಾಯಿಂಟ್ ಇದೆಯೋ ಹೋಯ್ತೋ?” ದಿಂಬಿನಿಂದ ಹೆಂಡತಿಯ ಪ್ರಶ್ನೆ ಬಂತು.

“ಇದೆ. ಗೆದ್ದೆ ನೀನು,” ಅಂದರು ಮೇಷ್ಟ್ರು. ಸೋತದ್ದನ್ನು ಇಷ್ಟು ಹಗುರಾಗಿ ಅವರು ಯಾವತ್ತೂ ಒಪ್ಪಿಕೊಂಡವರಲ್ಲ.

ಮಗಳ ಕೈಯಿಂದ ಫೋನ್ ಇಸಿದುಕೊಂಡರು. ಹುಲ್ಲಿನ ವಿಷಯ ಆಗಲೇ ಇತ್ತು. ಅದರ ಕೆಳಗೆ ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತಿದರು: ‘ಕೊನೆಯ ನಿಮಿಷದ ಪಾಸಿಗೆ ರೆಫರಿ ಸೀಟಿ ಊದಲಿಲ್ಲ. ಸರಿಯಾಗಿಯೇ ಮಾಡಿದ. ಯಾರು ಕೂಗಿದರೂ ಬದಲಾಯಿಸಬಾರದು.’

ಆಮೇಲೆ ಮೇಲಕ್ಕೆ ಹೋದರು. ಉದ್ಯೋಗ ಅನ್ನುವ ಜಾಗದಲ್ಲಿದ್ದ ‘ಡ್ರೈವಿಂಗ್ ಮೇಷ್ಟ್ರು’ ಎಂಬುದನ್ನು ಒಂದೊಂದೇ ಅಕ್ಷರ ಅಳಿಸಿ, ‘ರೆಫರಿ’ ಅಂತ ಬರೆದರು.

ಮಗಳು ಅವರ ಭುಜದ ಮೇಲಿಂದ ಬಗ್ಗಿ ನೋಡಿದಳು. “ಮುಂದೆ ನಿವೃತ್ತ ಅಂತ ಸೇರಿಸ್ಲಾ ಅಪ್ಪಾ?”

“ಬೇಡ. ಹಾಗೇ ಇರಲಿ.”