ಅಂಚಿನ ಮೇಸ್ತ್ರಿ

"ಎಲ್ಲಾ ಆಚೆ ನಡೀರಿ! ಮೇಸ್ತ್ರಿ ಅಂಚು ಕಟ್ತಾರೆ. ತಿರುಗಿ ನೋಡಿದೋರ ಕಣ್ಣು ಕಿತ್ತು ಕೈಗೆ ಕೊಡ್ತೀನಿ," ಎಂದು ಪಕ್ಕದ ಮನೆಯ ಹಾಲಿನಾಕೆ ಅಳುತ್ತಿದ್ದವರನ್ನೆಲ್ಲ ಜಗಲಿಗೆ ಅಟ್ಟಿ, ಹೊರಗಿನಿಂದ ಬಾಗಿಲೆಳೆದಳು.

ಒಳಗೆ ಉಳಿದದ್ದು ಚಾಪೆಯ ಮೇಲೆ ತಣ್ಣಗೆ ಮಲಗಿದ್ದ ಹೆಂಡತಿ, ನಿನ್ನೆ ಅವಳು ನೇಯ್ದಿಟ್ಟ ಬಿದಿರು ಬುಟ್ಟಿ, ಮತ್ತು ಮೇಸ್ತ್ರಿ. ಹೂ ತುಂಬಿ ಅವಳ ಜೊತೆ ಕಳಿಸಲು ಆ ಬುಟ್ಟಿಯೇ ಆಗಬೇಕೆಂದು ಹೆಂಗಸರು ಹಟ ಹಿಡಿದಿದ್ದರು. ಅದರ ಬಾಯಿಗೆ ಅಂಚು ಕಟ್ಟುವುದೊಂದೇ ಬಾಕಿ.

ಅಂಚಿನಿಂದಲೇ ಅವನಿಗೆ ಹೆಸರು. ಅವನ ಬುಟ್ಟಿಯಲ್ಲಿ ಎಮ್ಮೆ ಕೂರಿಸಿ ಬೆಟ್ಟದ ತುದಿಯಿಂದ ಉರುಳಿಸಿದರೆ ಎಮ್ಮೆ ಚೂರಾದೀತೇ ಹೊರತು ಅಂಚು ಬಿಚ್ಚದು ಎನ್ನುತ್ತಿದ್ದರು ಜನ.

ಅವನು ಬಿದಿರಿನ ದಬ್ಬೆ ಬಾಗಿಸಿದ. ಅದು ಟಪ್ಪೆಂದು ಸಿಡಿದು ಅವನ ಮೂಗಿಗೇ ಬಡಿಯಿತು.

* * *

ಮದುವೆಯಾದ ಹೊಸತರಲ್ಲಿ ಬುಟ್ಟಿ ಕೊಳ್ಳಲು ಬಂದ ವ್ಯಾಪಾರಿ, "ಅಬ್ಬಬ್ಬಾ, ಈ ಅಂಚು ಯಾರ ಕೈಯದಪ್ಪಾ?" ಎಂದಿದ್ದ. ಅವಳು ನೀರಿನ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ನಂದೇ," ಎಂದುಬಿಟ್ಟ ಇವನು.

"ಎಲ್ಲಿ, ಒಂದು ಕಟ್ಟಿ ತೋರ್ಸಿ."

"ಅದು ನಮ್ಮ ಮನೆತನದ ಗುಟ್ಟು. ಬಾಗ್ಲು ಹಾಕ್ಕೊಂಡೇ ಕಟ್ಟೋದು."

ವ್ಯಾಪಾರಿ ಹೋದ ಮೇಲೆ ಅವಳು ಕೇಳಿದಳು: "ಅಲ್ಲಾ ಮಹರಾಯ್ರೇ, ಗುಟ್ಟು ನಂದು, ಮನೆತನ ನಮ್ಮಪ್ಪಂದು. ನಿಮ್ದೇನು, ಬರೀ ಬಾಗ್ಲಾ?"

ಹೇಳಿ ನಕ್ಕಳು. ಈ ಸುಳ್ಳು ಅದೊಂದೇ ಸಲ ಅಂದುಕೊಂಡಿರಬೇಕು ಅವಳು. ಆಮೇಲೆ ನಲವತ್ತು ವರ್ಷ ಬಾಗಿಲು ಹಾಕಿಕೊಂಡು ಅವಳು ಕಟ್ಟುತ್ತಿದ್ದಳು, ಇವನು ಗೋಡೆಗೊರಗಿ ತೂಕಡಿಸುತ್ತಿದ್ದ. ಎದ್ದು ಬುಟ್ಟಿ ಹೊರಗೆ ತಂದು ಹೊಗಳಿಸಿಕೊಳ್ಳುತ್ತಿದ್ದ. ಅವಳು ನಗುವುದನ್ನು ಯಾವಾಗ ಬಿಟ್ಟಳೋ, ಇವನು ಗಮನಿಸಲಿಲ್ಲ.

* * *

"ಆಯ್ತಾ ಭಾವ? ಹೊತ್ತಾಗ್ತಿದೆ," ಹೊರಗಿನಿಂದ ನಾದಿನಿಯ ದನಿ.

"ಆಯ್ತು... ಆಯ್ತಾ ಬಂತು."

ಏಳನೇ ಸಲವೂ ದಬ್ಬೆ ಸಿಡಿಯಿತು. ಅವನು ರೂಢಿಯಂತೆ, ತಲೆಯೆತ್ತದೆ, ಬುಟ್ಟಿಯನ್ನು ಹೆಂಡತಿಯತ್ತ ಚಾಚಿದ. ಯಾರೂ ತೆಗೆದುಕೊಳ್ಳಲಿಲ್ಲ.

"ಸಂಕಟಕ್ಕೆ ಕೈ ನಡುಗ್ತಿರುತ್ತೆ ಪಾಪ," ಎಂದಳು ಹಾಲಿನಾಕೆ ಹೊರಗೆ. "ಬಿಡಿ ಮೇಸ್ತ್ರಿ, ಇರೋ ಹಾಗೇ ತಗೊಂಡು ಹೋಗೋಣ."

ಹೂಂ ಅಂದಿದ್ದರೆ ಸಾಕಿತ್ತು, ಅವನು ಸಾಯುವವರೆಗೂ ಮೇಸ್ತ್ರಿಯೇ.

ಅವನು ಬಾಗಿಲು ತೆಗೆದ.

"ಕೈ ನಡುಗಿದ್ದಲ್ಲ. ನಂಗೆ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಇಷ್ಟು ವರ್ಷದ್ದೂ ಅವಳೇ ಕಟ್ಟಿದ್ದು."

ಜಗಲಿಯಲ್ಲಿ ಕೂತಿದ್ದ ಮಗಳು ಎದ್ದು ಬಂದಳು. ಅಪ್ಪನ ಮುಖ ನೋಡದೆ ಬುಟ್ಟಿ ತೆಗೆದುಕೊಂಡು, ಅಮ್ಮನ ಮಗ್ಗುಲಲ್ಲಿ ಕೂತು, ಅಮ್ಮ ಕಲಿಸಿದ್ದಂತೆಯೇ ದಬ್ಬೆ ಬಾಗಿಸಿದಳು.

"ಬಾಗ್ಲು ಹಾಕ್ಲೇನಮ್ಮಾ?" ಎಂದಳು ಹಾಲಿನಾಕೆ.

"ಬೇಡ ಅತ್ತೆ. ಎಲ್ಲಾ ನೋಡ್ಲಿ. ನಮ್ಮಮ್ಮಂದು."

ಜನ ಹೊಸ್ತಿಲಿಗೆ ಮುತ್ತಿಕೊಂಡರು. ಯಾರೂ ಅವನಿಗೆ ಜಾಗ ಬಿಡಲಿಲ್ಲ. ಎಲ್ಲರ ಹಿಂದೆ, ಜಗಲಿಯ ಕೊನೆಯಲ್ಲಿ, ಮೇಸ್ತ್ರಿ ತುದಿಗಾಲಲ್ಲಿ ನಿಂತು, ಅವರಿವರ ಹೆಗಲ ಸಂದಿಯಿಂದ ಮಗಳ ಬೆರಳುಗಳನ್ನೇ ನೋಡುತ್ತಿದ್ದ.